ಅಗ್ಗದ ಪಯಣವೂ ಅಪರಿಗ್ರಹವೂ

ಪ್ಯಾರಿಸ್ಸಿನಿಂದ ಲಿಯೋನ್ ನಗರಕ್ಕೆ ಅತಿವೇಗದ ರೈಲು ಸುಮಾರು 2 ಗಂಟೆಗಳಲ್ಲಿ ಮುಟ್ಟಿಸುವ ದೂರವನ್ನು, ಬೆರ್ಸಿಯ ನಿಲ್ದಾಣದಿಂದ ರಾತ್ರಿ ಹೊರಡುವ ಬಸ್ಸಿನಲ್ಲಿ, ಮಡಿಸಿದ ಕೋಟನ್ನೇ ತಲೆದಿಂಬಾಗಿಸಿಕೊಂಡು ಕ್ರಮಿಸುವ ಬಡ ವಿದ್ಯಾರ್ಥಿಯನ್ನು ಅಪರಿಗ್ರಹಿಯೆಂದು ಕರೆಯಬಹುದೇ? 2013ರಲ್ಲಿ ಆರಂಭವಾದ ‘ವಿಗೋ’ ಎಂಬ ಅಗ್ಗದ ರೈಲಿನಲ್ಲಿಯೂ ಸಣ್ಣ ಕೈಚೀಲಕ್ಕೆ ಪ್ರತ್ಯೇಕ ಶುಲ್ಕವಿಲ್ಲ, ದೊಡ್ಡ ಪೆಟ್ಟಿಗೆಗೆ ಉಂಟು. ಹೊರೆ ಹೆಚ್ಚಿದಷ್ಟೂ ತೆರಬೇಕಾದುದೂ ಹೆಚ್ಚೆಂಬ ಧರ್ಮಸೂಕ್ಷ್ಮವನ್ನು ವಾಣಿಜ್ಯವೇ ಬೋಧಿಸುವಂತಿದೆ.

ಆದರೆ ಕೈಯಲ್ಲಿಲ್ಲದ್ದನ್ನು ಬಿಟ್ಟೆನೆಂಬುದು ತ್ಯಾಗವಲ್ಲ. 1748ರಲ್ಲಿ ಫ್ರಾನ್ಸಿನ ಆಮೆತ್ ಗ್ರಾಮದಲ್ಲಿ ಜನಿಸಿ, ಭಿಕ್ಷಾನ್ನವನ್ನುಂಡು ಯೂರೋಪಿನ ಪುಣ್ಯಕ್ಷೇತ್ರಗಳನ್ನು ಕಾಲ್ನಡಿಗೆಯಿಂದ ಸಂದರ್ಶಿಸಿದ ಸಂತ ಬೆನ್ವಾ ಜೋಸೆಫ್ ಲಾಬ್ರನದು ತಾನಾಗಿ ವರಿಸಿದ ದಾರಿದ್ರ್ಯ. ವಿದ್ಯಾರ್ಥಿಯದು ತಾನಾಗಿ ಬಂದೊದಗಿದ್ದು.

ಹಾಗೆಂದು ಅನಿವಾರ್ಯದ ಬಡತನವು ಧರ್ಮಕ್ಕೆ ಹೊರಗೆಂದು ಹೇಳಲಾಗದು. ಅಪರಿಚಿತರು ಒಂದೇ ಕಾರಿನಲ್ಲಿ ಕುಳಿತು, ಚಾಲಕನು ಲಾಭವನ್ನು ಪಡೆಯದೆ ಕೇವಲ ವೆಚ್ಚವನ್ನು ಹಂಚಿಕೊಳ್ಳಬೇಕೆಂಬ ಆ ದೇಶದ ಕಟ್ಟಳೆಯಂತೆ ಊರಿಂದೂರಿಗೆ ಸಾಗುವಾಗ, ಅಲ್ಲಿ ದಾನಿಯ ಗರ್ವವೂ ಇಲ್ಲ, ಯಾಚಕನ ಸಂಕೋಚವೂ ಇಲ್ಲ. ಕಡಿಮೆ ಇದ್ದಾಗ ಹಂಚಿಕೊಂಡು ಬದುಕುವುದನ್ನು ಕಲಿತವನು, ನಾಳೆ ಹಣ ಬಂದ ಮೇಲೂ ಆ ಅಭ್ಯಾಸವನ್ನು ಬಿಡದಿದ್ದರೆ, ಆಗ ಮಾತ್ರ ಅದಕ್ಕೆ ವ್ರತವೆಂಬ ಹೆಸರು ಸಲ್ಲುತ್ತದೆ. ಬಡತನವು ಪಾಠವನ್ನು ಹೇಳಬಲ್ಲುದು, ಪರೀಕ್ಷೆಯನ್ನು ನಡೆಸುವುದು ಸಿರಿಯೇ.