ಬೇಸರವಿಲ್ಲದ ಮಂಚ

ಅಜ್ಜಿಯ ಕೋಣೆಗೆ ಕ್ಯಾಮೆರಾ ಆರ್ಡರ್ ಮಾಡಿದ ವಾರವೇ ‘ರೋಜಿನ್ ಝಡ್’ ನೋಡಿದೆ. 1991ರ ಜಪಾನಿ ಆನಿಮೆ. ಕಥೆ ‘ಅಕಿರಾ’ ಮಾಂಗಾದ ಕತ್ಸುಹಿರೊ ಒಟೊಮೊದು.

87ರ ತಕಾಜಾವಾ ಹಾಸಿಗೆ ಹಿಡಿದ ಮುದುಕ. ಸರ್ಕಾರ ಅವನನ್ನು ಪ್ರಯೋಗಕ್ಕೆಂದು ಹೊತ್ತೊಯ್ದು ಯಂತ್ರದ ಮಂಚಕ್ಕೆ ಹಾಕುತ್ತೆ. ಉಣಿಸೋದು, ಮೀಯಿಸೋದು, ಕಕ್ಕಸು ತೆಗೆಯೋದು ಎಲ್ಲ ಅದರದ್ದೇ ಕೆಲಸ. ಕರೆಂಟು? ಮಂಚದೊಳಗಿನ ಪರಮಾಣು ರಿಯಾಕ್ಟರಿನಿಂದ! ನಕ್ಕು ನಕ್ಕು ಸಾಕಾಯ್ತು. ಅಷ್ಟರಲ್ಲಿ ಮುದುಕ ಆ ವೈರುಗಳ ನಡುವಿನಿಂದಲೇ, ತನ್ನನ್ನು ನೋಡಿಕೊಳ್ಳುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿ ಹರುಕೊಳನ್ನು ಕೂಗತೊಡಗುತ್ತಾನೆ. ಕೂಗು ಕಂಪ್ಯೂಟರ್ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತೆ. ನಗು ನಿಂತಿತು.

ಯಂತ್ರವನ್ನು ಬೈಯಲು ನನಗೆ ಮನಸ್ಸಿಲ್ಲ. ಅದು ಮೂಗು ಮುಚ್ಚಿಕೊಳ್ಳಲ್ಲ, ನಿಟ್ಟುಸಿರು ಬಿಡಲ್ಲ. ನಾನು ಎರಡೂ ಮಾಡಿದ್ದೀನಿ. ಸಂಕೋಚದ ಜೀವಗಳಿಗೆ ಮಂಚವೇ ವಾಸಿ ಅನ್ನಿಸಲೂಬಹುದು. ಆದರೆ ಚಿತ್ರದಲ್ಲಿ ಆ ಮಂಚವೇ ಅವನ ಸತ್ತ ಹೆಂಡತಿಯ ಹಾಗೆ ಮಾತಾಡಲು ಶುರುಮಾಡಿ, ಅಡ್ಡ ಬಂದದ್ದನ್ನೆಲ್ಲ ಒಡೆದುಕೊಂಡು ಅವನನ್ನು ಕಡಲ ಕಡೆ ಕರೆದೊಯ್ಯುತ್ತೆ. ಅವನಿಗೆ ಬೇಕಿದ್ದದ್ದು ಕಡಲು. ಸರ್ಕಾರ ಅದನ್ನು ಕೇಳಿರಲೇ ಇಲ್ಲ.

ಕ್ಯಾಮೆರಾ ಯಾರ ನೆಮ್ಮದಿಗೆ ಅಂತ ನಾನೂ ಕೇಳಿಕೊಂಡಿರಲಿಲ್ಲ. ಗೋಡೆಗೆ ಮೊಳೆ ಹೊಡೆಯುವಾಗ ಅಜ್ಜಿ ಕೇಳಿದಳು: “ಇದ್ರಲ್ಲಿ ನೀನೂ ಕಾಣಿಸ್ತೀಯಾ?”