ಬೇಡಿದ್ದು ಮತ್ತು ಬೇಕಾದದ್ದು

ನವರಾತ್ರಿಯ ಒಂಬತ್ತು ದಿನಗಳಲ್ಲಿ ನಾವು ದೇವಿಯ ಮುಂದೆ ಎಷ್ಟೊಂದು ಬೇಡಿಕೆಗಳನ್ನು ಇಡುತ್ತೇವೆ! ಮಗನಿಗೆ ನೌಕರಿ, ಮಗಳಿಗೆ ಒಳ್ಳೆಯ ಸಂಬಂಧ, ಸ್ವಂತದ್ದೊಂದು ಮನೆ. ಕೆಲವು ಈಡೇರುತ್ತವೆ, ಕೆಲವು ಈಡೇರುವುದಿಲ್ಲ. ಆಗ ‘ನನ್ನ ಮೊರೆ ತಾಯಿಗೆ ಕೇಳಿಸಲಿಲ್ಲವೇ?’ ಎಂಬ ಪ್ರಶ್ನೆ ಏಳುತ್ತದೆ. ಭಕ್ತಿಯ ನಿಜವಾದ ಪರೀಕ್ಷೆ ಆರಂಭವಾಗುವುದು ಅಲ್ಲಿಯೇ.

ಈ ದಿನಗಳಲ್ಲಿ ಪಾರಾಯಣಗೊಳ್ಳುವ ದೇವೀಮಾಹಾತ್ಮ್ಯವು ಮಾರ್ಕಂಡೇಯ ಪುರಾಣದ ಭಾಗ. ಅದರ 13 ಅಧ್ಯಾಯಗಳಲ್ಲಿ ಮಹಿಷಾಸುರನ ವಧೆ ನಮ್ಮೆಲ್ಲರ ನೆನಪಿನಲ್ಲಿರುತ್ತದೆ; ಕಥೆಯನ್ನು ಕೇಳಿದವರು ಮಾತ್ರ ಮರೆತುಹೋಗುತ್ತಾರೆ. ಒಬ್ಬನು ಸುರಥ ಮಹಾರಾಜ; ಶತ್ರುಗಳಿಂದ ಸೋತು, ತನ್ನ ಮಂತ್ರಿಗಳಿಂದಲೇ ಬೊಕ್ಕಸವನ್ನು ಕಳೆದುಕೊಂಡವನು. ಇನ್ನೊಬ್ಬನು ಸಮಾಧಿಯೆಂಬ ವೈಶ್ಯ. ಹಣದಾಸೆಗೆ ಹೆಂಡತಿ ಮಕ್ಕಳೇ ಹೊರಗಟ್ಟಿದವನು. ಕಾಡಿನ ಆಶ್ರಮದಲ್ಲಿಯೂ ಅರಸನು ತನ್ನ ಆನೆಯನ್ನು ಕುರಿತು ಚಿಂತಿಸುತ್ತಾನೆ. ವೈಶ್ಯನು ತನ್ನನ್ನು ತೊರೆದ ಮಕ್ಕಳ ಕ್ಷೇಮವನ್ನೇ ನೆನೆಯುತ್ತಾನೆ. ಮೇಧಸ ಮುನಿಯ ಉಪದೇಶವನ್ನು ಕೇಳಿ ಇಬ್ಬರೂ ನದೀತೀರದಲ್ಲಿ ದೇವಿಯ ಮಣ್ಣಿನ ಮೂರ್ತಿಯನ್ನು ಮಾಡಿ 3 ವರ್ಷ ಆರಾಧಿಸುತ್ತಾರೆ. ದೇವಿ ಪ್ರತ್ಯಕ್ಷಳಾದಾಗ ಅರಸನು ಕಳೆದುಕೊಂಡ ರಾಜ್ಯವನ್ನು ಬೇಡಿದನು. ವೈಶ್ಯನು ‘ನಾನು, ನನ್ನದು’ ಎಂಬುದನ್ನು ನೀಗಿಸುವ ಜ್ಞಾನವನ್ನು ಬೇಡಿದನು.

ದೇವಿ ಇಬ್ಬರಿಗೂ ಕೊಟ್ಟಳು. ರಾಜ್ಯವನ್ನು ಬೇಡಿದವನನ್ನು ಆಕೆ ಗದರಿಸಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ. ಬೇಡುವುದು ಪಾಪವಲ್ಲ. ಆದರೆ ಮನೆಯ ಹಂಬಲವನ್ನು ಹೊತ್ತು ಬಂದ ವೈಶ್ಯನು ಮನೆಯನ್ನು ಬೇಡಲೇ ಇಲ್ಲ. ಆ 3 ವರ್ಷಗಳ ಕಾಯುವಿಕೆಯಲ್ಲಿ ಅವನ ಬೇಡಿಕೆಯೇ ಬದಲಾಗಿತ್ತು. ವರ ದೊರೆಯುವುದಕ್ಕೆ ಮುನ್ನವೇ ಅವನಿಗೆ ಅರ್ಧ ವರ ದೊರೆತಿತ್ತೆಂದು ನನಗೆ ತೋರುತ್ತದೆ.

ಬ್ಯಾಂಕಿನಲ್ಲಿ ಗುಮಾಸ್ತನಾದ ನನಗೆ ಪರರ ಅರ್ಜಿಗಳನ್ನು ನೋಡಿ ಅಭ್ಯಾಸ. ನನ್ನದೂ ಒಂದು ಅರ್ಜಿಯಿತ್ತು: ಪುಣೆಯಿಂದ ಧಾರವಾಡಕ್ಕೆ ವರ್ಗಾವಣೆ. ಅಲ್ಲಿ ತಾಯಿಯವರು ಒಬ್ಬರೇ ಇದ್ದರು. ಐದು ವರ್ಷ ಬರೆದೆ. ಐದು ಸಲವೂ ಆಗಲಿಲ್ಲ. ಕೊನೆಗೆ ಅವರೇ ತಮ್ಮ ತುಳಸೀಕಟ್ಟೆಯನ್ನು ಬಿಟ್ಟು ನಮ್ಮಲ್ಲಿಗೆ ಬಂದರು. ಮರಾಠಿಯಲ್ಲಿಯೇ ಆಡಿ ಬೆಳೆಯುತ್ತಿದ್ದ ನನ್ನ ಮಗಳಿಗೆ ಕನ್ನಡದ ಅಕ್ಷರಗಳನ್ನು ತಿದ್ದಿಸಿದರು. ಮೂರನೆಯ ವರ್ಷ ತೀರಿಕೊಂಡರು.

‘ಎಲ್ಲವೂ ಒಳ್ಳೆಯದಕ್ಕೇ’ ಎಂದು ಹಿತೈಷಿಗಳು ಸಮಾಧಾನ ಹೇಳಿದರು. ಆ ಮಾತನ್ನು ನಾನು ಪೂರ್ಣವಾಗಿ ಒಪ್ಪಲಾರೆ. ನಾನು ಬೇಡಿದ್ದು ಊರು. ನನಗೆ ಬೇಕಾಗಿದ್ದುದು ತಾಯಿಯ ಸಾನ್ನಿಧ್ಯ. ಅದು ದೊರೆಯಿತು. ಆದರೆ ತಮ್ಮ ಮನೆಯಲ್ಲಿಯೇ ಕಣ್ಣು ಮುಚ್ಚಬೇಕೆಂಬ ಅವರ ಆಸೆ ಈಡೇರಲಿಲ್ಲ. ಅವರ ಪರವಾಗಿ ‘ಒಳ್ಳೆಯದೇ ಆಯಿತು’ ಎನ್ನುವ ಅಧಿಕಾರ ನನಗಿಲ್ಲ. ಅರ್ಥವಾಗದ ಈ ಭಾಗವನ್ನು ದೇವಿಯ ಪಾದದಲ್ಲಿರಿಸಿ, ನಾಳೆಯೂ ದೀಪ ಹಚ್ಚುವುದನ್ನೇ ನಾನು ವಿಶ್ವಾಸವೆಂದು ತಿಳಿದಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಹಸಿದವನಿಗೆ ಅನ್ನ, ರೋಗಿಗೆ ಔಷಧ ಇವು ಆಸೆಗಳಲ್ಲ, ಅಗತ್ಯಗಳು. ‘ದೇವರಲ್ಲಿ ನಂಬಿಕೆಯಿಡು’ ಎಂಬುದು ನಮ್ಮ ಮನಸ್ಸಿಗೆ ನಾವು ಹೇಳಿಕೊಳ್ಳತಕ್ಕ ಮಾತು. ಪರರ ಕಷ್ಟಕ್ಕೆ ಅದು ಉತ್ತರವಲ್ಲ. ಬಾಯಿಬಿಟ್ಟು ಬೇಡಲಾರದ ಕುಚೇಲನಿಗೆ ಶ್ರೀಕೃಷ್ಣನು ವೈರಾಗ್ಯವನ್ನು ಬೋಧಿಸಲಿಲ್ಲ. ಅವನ ಅವಲಕ್ಕಿಯನ್ನು ತಿಂದು, ಮನೆಯನ್ನು ತುಂಬಿಸಿದನು.

ಆದುದರಿಂದ ಈ ನವರಾತ್ರಿಯಲ್ಲಿಯೂ ಮಕ್ಕಳು ತಾಯಿಯನ್ನು ಬೇಡುವಂತೆ ಸಂಕೋಚವಿಲ್ಲದೆ ಬೇಡೋಣ. ಕೊನೆಯಲ್ಲಿ ಇನ್ನೊಂದನ್ನು ಸೇರಿಸೋಣ: ಕೊಟ್ಟುದನ್ನು ಗುರುತಿಸುವ ಕಣ್ಣು, ಕೊಡದುದನ್ನು ತಾಳುವ ಮನಸ್ಸು. ಜಗನ್ಮಾತೆಯು ಎಲ್ಲರಿಗೂ ಅದನ್ನು ಕರುಣಿಸಲಿ.