ಕೇಳದ ಪ್ರಶ್ನೆಗೆ ಕೊಟ್ಟ ಒಪ್ಪಿಗೆ

ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಹೆಣ್ಣು ನೋಡುವ ಶಾಸ್ತ್ರದಿಂದ ಹಿಡಿದು ಪಂಚಾಯ್ತಿ ಕಟ್ಟೆಯವರೆಗೆ ನಮ್ಮಲ್ಲಿ ಓಡಾಡುತ್ತದೆ. ಈಗ ಅದರ ಮೇಲೆ ದೊಡ್ಡ ವ್ಯಾಪಾರವೇ ನಿಂತಿದೆ. ಗದಗ ಜಿಲ್ಲೆಯ ರೋಣದಲ್ಲೋ ಗಜೇಂದ್ರಗಡದಲ್ಲೋ ಒಂದು ಮನೆಗೆ ಫೈಬರ್ ಇಂಟರ್‌ನೆಟ್ ಬಂತೆನ್ನಿ. ಜಾಹೀರಾತಿನಲ್ಲಿ 399 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿದರೆ ಕೈಬಿಟ್ಟು ಹೋಗುವುದು 470 ರೂಪಾಯಿ 82 ಪೈಸೆ. ಹೊಸ ಗಿರಾಕಿಗೆಂದು ಕೊಟ್ಟ ರಿಯಾಯಿತಿ ವರ್ಷ ತುಂಬಿದೊಡನೆ ಮುಗಿಯುತ್ತದೆ, ರಿನೀವಲ್ ದಿನ ದರ ಏರುತ್ತದೆ, ಆಟೊ ಪೇ ಇದ್ದರೆ ಖಾತೆಯಿಂದ ಹಣ ತಾನಾಗಿಯೇ ಹೋಗುತ್ತದೆ. ಮನೆಯವರು ಬೇಡವೆನ್ನಲಿಲ್ಲ, ಹಾಗಾಗಿ ಒಪ್ಪಿದರು ಎಂದು ಲೆಕ್ಕ. ದರ ಏರಿಸುವುದು ಅಧರ್ಮ ಎಂದು ನಾನು ಹೇಳುವುದಿಲ್ಲ. ಆದರೆ ಪ್ರಶ್ನೆಯೇ ಕಿವಿಗೆ ಬೀಳದವನ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ಅಧರ್ಮ, ಕಳವಿನ ಮಗ್ಗುಲಿಗೇ ಬರುವ ಅಧರ್ಮ.

ಕಳವು ಎಂಬುದು ಬಿರುಸಾದ ಮಾತಾಯಿತು ಅನ್ನಿಸಬಹುದು. ಇದೇ ಜಿಲ್ಲೆಯ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಜೈನ ಪರಂಪರೆ ಈ ವಿಷಯವನ್ನು ಬಹಳ ಸೂಕ್ಷ್ಮವಾಗಿ ಯೋಚಿಸಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಅಚೌರ್ಯ, ಅಂದರೆ ಕದಿಯದಿರುವ ವ್ರತಕ್ಕೆ ಬರುವ ದೋಷಗಳನ್ನು ಎಣಿಸುವಾಗ ಗೋಡೆ ಕೊರೆಯುವವನಲ್ಲಿಗೇ ನಿಲ್ಲದೆ ಅಂಗಡಿಯ ಒಳಗೂ ಬರುತ್ತದೆ: ತಗೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಇಡುವುದೂ ಆ ದೋಷಗಳಲ್ಲಿ ಒಂದು. ಈ ಕಣ್ಣಿನಿಂದ ಮೊಬೈಲ್ ರಿಚಾರ್ಜ್ ನೋಡಿ. ಸಂಬಳ, ಮನೆ ಬಾಡಿಗೆ, ಹಾಲಿನ ಲೆಕ್ಕ ಎಲ್ಲವೂ ನಮಗೆ ತಿಂಗಳಿನದು. ರಿಚಾರ್ಜಿನ ತಿಂಗಳಿಗೆ ಮಾತ್ರ 28 ದಿನ. 299 ರೂಪಾಯಿಯ ಪ್ಲಾನ್ ವರ್ಷಕ್ಕೆ 12 ಸಲ ಅಲ್ಲ, 13 ಸಲ ಬರುತ್ತದೆ; 3,588 ಅಂದುಕೊಂಡದ್ದು 3,887 ಆಗುತ್ತದೆ. 28 ದಿನ ಎಂದು ಬರೆದೇ ಇದೆ, ಸುಳ್ಳಲ್ಲ. ಆದರೂ ಗಿರಾಕಿಯ ತಲೆಯಲ್ಲಿರುವ ಸೇರು ಬೇರೆ, ಅಂಗಡಿಯವನ ಸೇರು ಬೇರೆ. 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 30 ದಿನದ ಒಂದು ಪ್ಲಾನಾದರೂ ಇರಲೇಬೇಕು ಎಂದು ಆದೇಶ ಮಾಡಿದ್ದು ಈ ಕೊರತೆ ಕಂಡೇ.

ಕರಾರನ್ನು ಹೊಸದು ಮಾಡುವ ರೀತಿ ಈ ಸೀಮೆಗೆ ಹೊಸದೇನಲ್ಲ. ರೋಣದ ಹತ್ತಿರದ ಸೂಡಿಯ ಹನ್ನೊಂದನೆಯ ಶತಮಾನದ ಶಾಸನವೊಂದು ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯ ಆಡಳಿತದಲ್ಲಿ, ಚೋಳರ ಯುದ್ಧದಿಂದ ಕೆಟ್ಟಿದ್ದ ಊರಿನ ಕಟ್ಟಳೆಯನ್ನು ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಮತ್ತೆ ಮಾಡಿಕೊಟ್ಟದ್ದನ್ನು ಹೇಳುತ್ತದೆ. ಯಾರಿಗೆ ಎಂಬುದೂ ಕಲ್ಲಿನಲ್ಲಿದೆ, ಓದಬಲ್ಲ ಯಾರಾದರೂ ಓದಬಹುದಿತ್ತು. ಇಂದಿಗೂ ಹೊಲ ಲಾವಣಿಗೆ ಕೊಡುವಾಗ ಮಾಲೀಕನೂ ಮಾಡುವವನೂ ಎದುರಾಬದುರು ಕೂತು ಈ ವರ್ಷ ಎಕರೆಗೆ ಎಷ್ಟು ಎಂದು ಬಾಯಿಬಿಟ್ಟು ಆಡುತ್ತಾರೆ. ಚೌಕಾಶಿ ಆಗುತ್ತದೆ, ಮುನಿಸೂ ಆಗುತ್ತದೆ. ಆದರೆ ಕೇಳಲಿಲ್ಲ ಎಂಬ ಮಾತು ಬರುವುದಿಲ್ಲ. ಕೇಳದೆ ಹೇರಿದಾಗ ಏನಾಯಿತು ಎಂಬುದನ್ನು ನರಗುಂದ ಕಂಡಿದೆ. ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿ ಎಂಬ ಸುಧಾರಣಾ ಕರವನ್ನು, ನೀರು ಸರಿಯಾಗಿ ಮುಟ್ಟದ ಹೊಲದವರಿಂದಲೂ ವಸೂಲಿಗೆ ಹೊರಟಾಗ ಎದ್ದ ಚಳವಳಿಯಲ್ಲಿ, 1980ರ ಜುಲೈ 21ರಂದು ಜೀವಗಳು ಹೋದವು. ಆ ಸಾವನ್ನು ಇಂಟರ್‌ನೆಟ್ ಬಿಲ್ಲಿನ ಪಕ್ಕ ಇಡುವುದು ಸಲ್ಲದು. ಆದರೆ ಪಡೆಯುವವನನ್ನು ಮಾತಾಡಿಸದೆ ಬೆಲೆ ಕಟ್ಟಬಹುದೇ ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಇದಕ್ಕೆ ಎದುರು ಮಾತುಗಳಿವೆ. ಖರ್ಚು ಏರುತ್ತದೆ, ಟವರು, ಕೇಬಲ್ಲು, 5ಜಿ ಪುಕ್ಕಟೆ ಬರುವುದಿಲ್ಲ ಎನ್ನುವುದು ನಿಜ. ಅದಕ್ಕೇ ಏರಿಕೆಯನ್ನು ನಾನು ದೂರುತ್ತಿಲ್ಲ. ಶರಣ ಆಯ್ದಕ್ಕಿ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆಯ ಅಳತೆಗೋಲನ್ನು ಕಂಪನಿಗೆ ಹಿಡಿಯುವುದೂ ಕಷ್ಟ. ಷರತ್ತಿನಲ್ಲಿ ಬರೆದಿತ್ತು, ನೀವೇ ಟಿಕ್ ಮಾಡಿದಿರಿ ಎನ್ನುವುದು ಎರಡನೆಯ ಮಾತು. ದರ ಯಾವಾಗ ಬೇಕಾದರೂ ಬದಲಾಗಬಹುದು ಎಂಬ ಸಾಲಿಗೆ ಒಪ್ಪಿದವನು ಯಾವ ಬೆಲೆಗೆ ಒಪ್ಪಿದ? ಅಂಕಿ ಇಲ್ಲದ ಬೆಲೆಗೆ ಯಾರೂ ಒಪ್ಪಲಾರರು. ಆಟೊ ಪೇಗೆ 24 ಗಂಟೆ ಮುಂಚೆ ಸಂದೇಶ ಕಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ, ಒಳ್ಳೆಯದೇ. ಆದರೆ ಅದರಲ್ಲಿ ಕಡಿತವಾಗುವ ಮೊತ್ತ ಇರುತ್ತದೆಯೇ ಹೊರತು ಹೋದ ಸಲ ಎಷ್ಟಿತ್ತು ಎಂಬುದು ಇರಬೇಕಾಗಿಲ್ಲ. ಬೇಡವಾದರೆ ಬಿಡಿ ಎನ್ನುವುದು ಮೂರನೆಯದು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ, ಜಿಯೊದ 155ರ ಪ್ಲಾನ್ 189 ಆದಾಗ, ಲಕ್ಷಾಂತರ ಜನ ನಂಬರ್ ಸಮೇತ ಬಿಎಸ್‌ಎನ್‌ಎಲ್‌ಗೆ ಹೋದರು. ಅವರು ಹೋದದ್ದು ಏರಿಕೆ ಊರಿಗೆಲ್ಲ ಗೊತ್ತಾಗಿದ್ದರಿಂದ. ಗೊತ್ತಾದವನಿಗಷ್ಟೇ ಬಿಡುವ ಹಾದಿ. ಓಣಿಗೆ ಒಂದೇ ತಂತಿ ಬಂದಿರುವಲ್ಲಿ ಅದೂ ಇಲ್ಲ.

ಬ್ರಿಟನ್ನಿನಲ್ಲಿ 2025ರ ಜನವರಿ 17ರಿಂದ ಮಾಡುವ ಹೊಸ ಫೋನ್, ಇಂಟರ್‌ನೆಟ್ ಕರಾರುಗಳಲ್ಲಿ, ಹಣದುಬ್ಬರಕ್ಕೆ ತಕ್ಕಂತೆ ಏರಿಸುತ್ತೇವೆ ಎಂದು ಬರೆಯುವ ಹಾಗಿಲ್ಲ. ಎಷ್ಟು ಪೌಂಡು ಎಷ್ಟು ಪೆನ್ಸ್ ಏರುತ್ತದೆ, ಯಾವಾಗ ಎಂದು ಮೊದಲೇ ಹೇಳಬೇಕು. ಏರಿಕೆಗೆ ಅಲ್ಲಿ ತಡೆಯಿಲ್ಲ, ಮುಚ್ಚಿಡುವುದಕ್ಕೆ ಇದೆ. ನಮ್ಮ ಕಂಪನಿಗಳನ್ನೂ ಊರಿನ ಕೇಬಲ್ ಆಪರೇಟರುಗಳನ್ನೂ ಕೇಳಿಕೊಳ್ಳುವುದು ಇಷ್ಟು: ರಿನೀವಲ್‌ಗೆ ಹದಿನೈದು ದಿನ ಮುಂಚೆ ಹಳೆಯ ದರ, ಹೊಸ ದರ, ತೆರಿಗೆ ಸೇರಿ ಒಟ್ಟು, ಬೇಡವಾದರೆ ನಿಲ್ಲಿಸುವ ಬಗೆ, ಈ ನಾಲ್ಕನ್ನು ಕನ್ನಡದಲ್ಲಿ ಬರೆದು ಕಳಿಸಿ. ಆಮೇಲೆ ಗಿರಾಕಿ ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಎಂದು ಧಾರಾಳವಾಗಿ ಬರೆದುಕೊಳ್ಳಿ.